ಎಡಗಡೆಯ ಸೊನ್ನೆ

ಜೂನ್ ೧೯, ಶುಕ್ರವಾರ

ನನ್ನ ಗುಬ್ಬಿಗೆ,

ನಿನ್ನ ಪತ್ರ ಬಂತು. ಒಂದೇ ಸಾಲು: "ಅಕ್ಕಾ, ವಿಚಾರಣೆಯಲ್ಲಿ ಯಾಕೆ ಸುಳ್ಳು ಹೇಳಿದೆ?" ಅಕ್ಷರಗಳು ಸೊಟ್ಟಗಿದ್ದವು, ಕರಿ ಕನ್ನಡಕ ಹಾಕಿಕೊಂಡೇ ಬರೆದಿರಬೇಕು. ಈಗ ಫೋನಿನ ಪರದೆಯನ್ನೂ ನೋಡಲಾಗುತ್ತಿಲ್ಲವಂತೆ. ಅದಕ್ಕೇ ನಾನೂ ಕಾಗದದಲ್ಲೇ ಬರೆಯುತ್ತಿದ್ದೇನೆ. ಕಿಟಕಿಗೆ ಬೆನ್ನು ಹಾಕಿ ಕೂತು ನಿಧಾನವಾಗಿ ಓದಿಕೋ.

ಹೌದು, ಸುಳ್ಳು ಹೇಳಿದೆ. ಡಾಕ್ಟರ ಚೀಟಿಯನ್ನು ನೀನು ನನ್ನ ಕೈಗೇ ಕೊಟ್ಟಿದ್ದೆ. ನಮ್ಮ ಮುದ್ರಣಾಲಯದಲ್ಲಿ ಕಾಗದದ ಕರಡು ನಿಲ್ಲಿಸಿ, ಎಲ್ಲರ ಮೇಜಿಗೂ ಕಂಪ್ಯೂಟರ್ ಇಟ್ಟ ಎರಡನೇ ವಾರವದು. ಪರದೆಯ ಬೆಳಕಿನಿಂದ ನಿನಗೆ ಅರೆತಲೆನೋವು ಬರುತ್ತದೆ, ಬೆಳಕು ತಗ್ಗಿಸಬೇಕು, ಮಿಣುಕುವ ಟ್ಯೂಬ್‌ಲೈಟಿನ ಕೆಳಗೆ ಕೂರಿಸಬಾರದು, ಆದಷ್ಟೂ ಕಾಗದದಲ್ಲೇ ಕರಡು ತಿದ್ದಲು ಬಿಡಬೇಕು ಎಂದು ಅದರಲ್ಲಿತ್ತು. "ಮೇಲಿನವರಿಗೆ ಕೊಡ್ತೀನಿ ಬಿಡು" ಅಂದೆ. ಕೊಡಲಿಲ್ಲ. ಕರಡು ವಿಭಾಗದ ಮುಖ್ಯಸ್ಥೆ ನಾನು. ಅಕ್ಕನನ್ನು ದಾಟಿ ಮೇಲೆ ಹೋಗುವುದು ನಿನ್ನ ಸ್ವಭಾವವಲ್ಲ ಎಂದು ನನಗೆ ಗೊತ್ತಿತ್ತು.

ಆ ವಾರವೇ ನಿನ್ನ ಮೇಜನ್ನು ಬಿಳಿ ಗೋಡೆಯ ಪಕ್ಕಕ್ಕೆ ಹಾಕಿಸಿದೆ. "ಇಲ್ಲಿ ಗಾಳಿ ಚೆನ್ನಾಗಿ ಬರುತ್ತೆ" ಅಂದೆ. ಮಿಣುಕುವ ದೀಪ ನಿನ್ನ ನೆತ್ತಿಯ ಮೇಲೇ ಇತ್ತು. ನೀನು ಸಂಜೆ ಪರದೆಯ ಬೆಳಕು ತಗ್ಗಿಸಿಟ್ಟು ಮನೆಗೆ ಹೋಗುತ್ತಿದ್ದೆ. ಬೆಳಿಗ್ಗೆ ನಿನಗಿಂತ ಹತ್ತು ನಿಮಿಷ ಮೊದಲು ಬಂದು ನಾನು ಅದನ್ನು ಪೂರ್ತಿ ಏರಿಸುತ್ತಿದ್ದೆ. "ಇದಕ್ಕೂ ನನಗೂ ಆಗಿಬರಲ್ಲ ಕಣೇ ಅಕ್ಕಾ" ಅಂತ ನೀನು ನಗುತ್ತಿದ್ದೆ. ಬಚ್ಚಲಿಗೆ ಹೋಗಿ ವಾಂತಿ ಮಾಡಿ, ಮುಖ ತೊಳೆದು ಬಂದು ಮತ್ತೆ ಕೂರುತ್ತಿದ್ದೆ. "ಕೆಲಸ ಜಾಸ್ತಿಯಾದಾಗ ಮಾತ್ರ ನಮ್ಮ ಗುಬ್ಬಿಗೆ ತಲೆನೋವು" ಎಂದು ಎಲ್ಲರ ಮುಂದೆ ಹೇಳಿ ನಗಿಸಿದವಳು ನಾನೇ.

ಯಾಕೆ ಅಂತೀಯಾ? ಚಿಕ್ಕಂದಿನಲ್ಲಿ ನಿನ್ನ ತಲೆ ನೋಯುತ್ತಿದ್ದಾಗ ಮನೆಯ ದೀಪಗಳೆಲ್ಲ ಆರುತ್ತಿದ್ದವು. "ಶ್, ಗುಬ್ಬಿ ಮಲಗಿದಾಳೆ" ಎಂದು ಅಮ್ಮ ನನ್ನ ಪುಸ್ತಕ ಕಿತ್ತುಕೊಳ್ಳುತ್ತಿದ್ದಳು. ಪರೀಕ್ಷೆಗೆ ನಾನು ಓದಿದ್ದು ಪಕ್ಕದ ಕಟ್ಟಡದ ಮೆಟ್ಟಿಲ ಮೇಲೆ. ಎರಡು ಸಲ ಫೇಲಾದೆ. ನನ್ನ ತಲೆ ನೋಯುತ್ತದೆಯೇ ಎಂದು ಆ ಮನೆಯಲ್ಲಿ ಒಬ್ಬರೂ ಕೇಳಲಿಲ್ಲ. ಆಮೇಲೆ ನಾನೇ ಕೆಲಸ ಕೊಡಿಸಿದ ಜಾಗದಲ್ಲಿ ಮ್ಯಾನೇಜರು ನನ್ನೆದುರಿಗೇ, "ನಿಮ್ಮ ತಂಗೀದು ಕಣ್ಣಲ್ಲಮ್ಮ, ಭೂತಗನ್ನಡಿ. ಮುಂದೆ ವಿಭಾಗ ಅವಳೇ ನೋಡ್ಕೊಳ್ಳಲಿ" ಅಂದರು. ನೀನು ನಾಚಿಕೊಂಡು ನನ್ನ ಹಿಂದೆ ಬಂದು ನಿಂತೆ. ಆ ನಾಚಿಕೆಯನ್ನೂ ನನಗೆ ಸಹಿಸಲಾಗಲಿಲ್ಲ.

ಈಗ ಔಷಧದ ಚೀಟಿಯ ವಿಷಯ. ಮಕ್ಕಳ ಔಷಧದ ಡಬ್ಬಿಯೊಳಗೆ ಇಡುವ ಆ ಸಣ್ಣ ಕಾಗದ. ಅವತ್ತು ಮಧ್ಯಾಹ್ನ ನೀನು ಕೈಯಿಂದ ಒಂದು ಕಣ್ಣು ಮುಚ್ಚಿಕೊಂಡು ಹೇಳಿದೆ: "ಅಕ್ಕಾ, ಸಾಲಿನ ಎಡಗಡೆ ಕಾಣ್ತಾನೇ ಇಲ್ಲ. ಬರೀ ಮಿಂಚು ಮಿಂಚು." "ಮೂರು ಗಂಟೆಗೆ ಅಚ್ಚಿಗೆ ಹೋಗ್ಬೇಕು, ಮುಗಿಸು" ಅಂದೆ ನಾನು. ನೀನು ಮುಗಿಸಿದೆ. ೦.೫ ಮಿ.ಲೀ. ಇರಬೇಕಾದಲ್ಲಿ ಎಡಗಡೆಯ ಸೊನ್ನೆಯೂ ಬಿಂದುವೂ ಬಿಟ್ಟುಹೋಗಿ ಬರೀ ೫ ಉಳಿದಿತ್ತು. ಕೊನೆಯ ಸಲ ನೋಡಿ ಸಹಿ ಹಾಕಿದವಳು ನಾನು.

ನನ್ನ ಕಣ್ಣಿಗೆ ಅದು ಬಿದ್ದಿತ್ತು, ಗುಬ್ಬಿ. ಕಂಡೂ ಸಹಿ ಹಾಕಿದೆ. ಪ್ಯಾಕಿಂಗಿನ ಹೆಂಗಸು ತಪ್ಪು ಹಿಡಿಯದಿದ್ದರೆ ಯಾವ ಮಗು ಹತ್ತುಪಟ್ಟು ಔಷಧ ಕುಡಿಯುತ್ತಿತ್ತೋ. ಅದನ್ನು ನೆನೆದು ನಡುಗಿದೆ ಎಂದು ಬರೆಯಬಹುದಿತ್ತು. ಇಲ್ಲ, ಅವತ್ತು ನನ್ನ ಗಮನವೆಲ್ಲ ನಿನ್ನ ಮೇಲಿತ್ತು. ನೀನು ಮೇಜಿನ ಮೇಲೆ ತಲೆಯಿಟ್ಟು ಬಿದ್ದುಕೊಂಡಿದ್ದೆ.

ವಿಚಾರಣೆಯಲ್ಲಿ, "ಈಕೆಯ ಕಾಯಿಲೆ ನಿಮಗೆ ಗೊತ್ತಿತ್ತಾ? ಡಾಕ್ಟರ ಚೀಟಿ ಏನಾದರೂ ಬಂದಿತ್ತಾ?" ಎಂದು ಕೇಳಿದಾಗ ನೀನು ನನ್ನತ್ತ ತಿರುಗಿ ಉಸಿರು ಬಿಟ್ಟೆ. ಇನ್ನೇನು ಬಿಡುಗಡೆಯಾಯಿತು ಅನ್ನುವ ಹಾಗೆ. "ನನಗೆ ಯಾವ ಚೀಟಿಯೂ ಬಂದಿಲ್ಲ ಸಾರ್" ಅಂದೆ ನಾನು. ನೀನು ಚೀಲ ತಗೊಂಡು, ಗೋಡೆ ಹಿಡಿದುಕೊಂಡು ಹೊರಗೆ ಹೋದೆ.

ಈ ಪತ್ರವನ್ನು ವಿಚಾರಣೆ ಮಾಡಿದವರಿಗೆ ತೋರಿಸಬೇಕು ಅನ್ನಿಸಿದರೆ ತೋರಿಸು. ಕೊನೆಯವರೆಗೆ ಓದಿದ ಮೇಲೆ ತೋರಿಸು.

ಕ್ಷಮೆ ಕೇಳಲು ಬಾಯಿ ಬರುತ್ತಿಲ್ಲ.

ನಿನ್ನ ಒಬ್ಬಳೇ
ಅಕ್ಕ

ಸಹಿ ಹಾಕಿದ ಮೇಲೆ ಇನ್ನೊಂದು ಮಾತು: ವಿಚಾರಣೆಯ ಹಿಂದಿನ ದಿನ ನನ್ನ ಧೈರ್ಯ ಕುಸಿದಿತ್ತು. ನಿಜ ಹೇಳಿಬಿಡೋಣ ಎಂದು ಡಾಕ್ಟರ ಚೀಟಿ ಹಿಡಿದು ನೀನೂ ಅಮ್ಮನೂ ಇರುವ ಮನೆಗೆ ಬಂದೆ. ನೀನು ಆಸ್ಪತ್ರೆಗೆ ಹೋಗಿದ್ದೆ. ಅಮ್ಮ ಅದನ್ನು ಎರಡು ಸಲ ಓದಿದಳು. ಒಲೆ ಹಚ್ಚಿ ಸುಟ್ಟಳು. "ಅವಳ ಕೆಲಸ ಹೋಗೇ ಹೋಯ್ತು, ನಿನ್ನದಾದ್ರೂ ಉಳೀಲಿ. ಅವಳನ್ನ ಹೇಗಿದ್ರೂ ನಾನು ನೋಡ್ಕೋತೀನಿ" ಅಂದಳು. ಸಂಜೆ ನಿನ್ನ ಹಣೆಗೆ ಒದ್ದೆ ಬಟ್ಟೆ ಹಾಕಲು ಬರುತ್ತಾಳಲ್ಲ, ಆಗ ಕೇಳು.