ಮಾದರಿ ಸಹಿ

ಅಪ್ಪಾ,

ನಮ್ಮ ಮದುವೆ ಸರ್ಟಿಫಿಕೇಟು ಹೊರದೇಶದಲ್ಲಿ ಮಾನ್ಯವಾಗಬೇಕೆಂದರೆ ಅದಕ್ಕೊಂದು ಸರ್ಕಾರಿ ಮೊಹರು ಬೇಕಂತೆ. ಇವತ್ತು ಅದನ್ನು ಹಾಕಿಸಲು ಕಚೇರಿಗೆ ಹೋಗಿದ್ದೆ. ಮದುವೆ ನೋಂದಾಯಿಸಿ ಸರ್ಟಿಫಿಕೇಟಿಗೆ ಸಹಿ ಹಾಕಿದ ಅಧಿಕಾರಿ ನೀವೇ ಅಲ್ಲವೇ? ಕೌಂಟರಿನ ಮೇಡಂ ಅಧಿಕಾರಿಗಳ ಮಾದರಿ ಸಹಿಗಳ ಪುಸ್ತಕ ತೆರೆದರು. ಫ್ಯಾನಿನ ಗಾಳಿಗೆ ಹಾಳೆಗಳು ನಿದ್ದೆಗಣ್ಣಲ್ಲಿ ನಡೆದಂತೆ ಮಗುಚುತ್ತ ನಿಮ್ಮ ಹೆಸರಿಗೆ ಬಂದು ನಿಂತವು.

"ತಾಳೆ ಆಗ್ತಿಲ್ಲಮ್ಮ. ಇಲ್ಲಿ ಮುತ್ತಿನ ಹಾಗಿದೆ, ನಿಮ್ಮದರಲ್ಲಿ ನಡುಗಿದೆ. ಅವರೇ ಹಾಕಿದ್ದಾ?"

"ಹೌದು ಮೇಡಂ, ನಾನು ಎದುರಿಗೇ ನಿಂತಿದ್ದೆ."

ವಧುವಿನ ತಂದೆಯ ಹೆಸರನ್ನೂ ಸಹಿಯ ಕೆಳಗಿನ ಹೆಸರನ್ನೂ ಎರಡೆರಡು ಸಲ ಓದಿ, ಅವರು ಮೊಹರು ಒತ್ತಿದರು.

ಅವತ್ತು ಸಹಿ ಹಾಕುವಾಗ ನೀವು ತಲೆ ಎತ್ತಲೇ ಇಲ್ಲ, "ಮುಂದಿನವರು ಬನ್ನಿ" ಅಂದಿರಿ. ಆ ಸಿಟ್ಟಿಗೆ ನೀವು ತೀರಿಕೊಳ್ಳುವವರೆಗೂ ನಾನು ಮನೆ ಕಡೆ ತಲೆ ಹಾಕಲಿಲ್ಲ. ನಿಮ್ಮ ಮುಖವನ್ನೇ ನೋಡುತ್ತ ನಿಂತಿದ್ದೆ ಅಪ್ಪಾ, ಕೈ ನೋಡಲಿಲ್ಲ.