ಎಡಗೈಗೆ ಕೂರುವ ಹಿಡಿ

ಸುಂಕದಕಟ್ಟೆ
ಸೋಮವಾರ ಬೆಳಿಗ್ಗೆ

ಮಗು ಕೀರ್ತನಾ,

ಸೊಸೆಗೆ ಕಾಗದ ಬರೆಯುವಾಗ ಮೇಲೆ ‘ಚಿ. ಸೌ.’ ಎಂದು ಬರೆಯುವುದು ನಮ್ಮ ಕಾಲದ ರೂಢಿ. ಈ ಹಾಳೆಯ ಮೇಲೆ ‘ಚಿ’ ಎಂದು ಬರೆದು ಪೆನ್ನು ನಿಲ್ಲಿಸಿದೆ. ಮುಂದಿನ ‘ಸೌ’ ಬರೆಯಬಹುದೋ ಬಾರದೋ ಗೊತ್ತಾಗಲಿಲ್ಲ. ನಿಮ್ಮತ್ತೆಯನ್ನು ಕೇಳಿದೆ. “ಕಾಗದ ಬರೆಯೋಕ್ ಕೂತ್ಕೊಂಡು ಕೋರ್ಟ್ ವಿಚಾರ ಎಲ್ಲಾ ಯಾಕ್ರೀ? ಮಗು ಅಂತ ಬರೀರಿ, ಸಾಕು” ಎಂದಳು. ಆ ಹಾಳೆಯನ್ನು ಹರಿದು ಹಾಕಿ ಹೊಸದರಲ್ಲಿ ಹಾಗೆಯೇ ಬರೆದಿದ್ದೇನೆ.

ಮೊನ್ನೆ ನಿನ್ನ ಮೆಸೇಜು ಬಂತು. “ಅಂಕಲ್, ನನ್ನ ಚಾಕು ನಿಮ್ಮ ಹತ್ರಾನೇ ಉಳ್ಕೊಂಡಿದೆ. ಟೈಮ್ ಆದಾಗ ಕೊರಿಯರ್ ಮಾಡ್ತೀರಾ?” ಓದಿದೆ. ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ. ಚಾಕಿನ ವಿಷಯ ಸರಿ, ಅದು ನಿನ್ನದೇ. ಆದರೆ ಆ ಮೊದಲನೇ ಮಾತಿನ ಹತ್ತಿರವೇ ನಿಂತುಬಿಟ್ಟೆ. ಹಾಲಿನವನು, ಆಟೋದವನು, ಕೇಬಲ್ಲಿನವನು, ಎಲ್ಲರಿಗೂ ನಾನು ಅಂಕಲ್ಲೇ. ‘ಮಾವ’ ಎಂದು ಕರೆದವಳು ನೀನೊಬ್ಬಳೇ, ನಮಗಿರುವುದು ಒಬ್ಬನೇ ಮಗನಾದ್ದರಿಂದ. ಏನೆಂದು ಕರೆಯಬೇಕೆಂದು ನಿನಗೂ ತಿಳಿಯದೆ ಹೋಗಿರಬಹುದು, ನನಗೆ ‘ಸೌ’ ಬರೆಯುವಾಗ ಆದ ಹಾಗೆ. ಕೋಪವಿಲ್ಲ ಮಗು. ಬೇಜಾರಾಯಿತು, ಅಷ್ಟೇ.

ನೀನೂ ಕಿರಣನೂ ಬೇರೆಯಾದದ್ದು ನಿಮ್ಮಿಬ್ಬರ ತೀರ್ಮಾನ. ಯಾಕೆ ಎಂದು ಅವನನ್ನೂ ಕೇಳಲಿಲ್ಲ, ನಿನ್ನನ್ನೂ ಕೇಳಲಿಲ್ಲ, ಈಗಲೂ ಕೇಳುವುದಿಲ್ಲ. ಅವನು ಕೆಂಗೇರಿಯಲ್ಲಿ ಮನೆ ಮಾಡಿದ, ನೀನು ಬಸವೇಶ್ವರನಗರದ ತವರಿಗೆ ಹೋದೆ. ಕೂಗಾಡದೆ, ಒಬ್ಬರ ಮೇಲೊಬ್ಬರು ಕೆಸರೆರಚದೆ, ಒಪ್ಪಿ ಸಹಿ ಹಾಕಿದಿರಿ. ಆ ಮಟ್ಟಿಗೆ ನಿಮ್ಮಿಬ್ಬರ ಮೇಲೂ ನನಗೆ ಗೌರವವಿದೆ. ಆದರೆ ಆ ಕೋರ್ಟಿನ ಕಾಗದದಲ್ಲಿ ಮಾವನ ವಿಷಯ ಏನೂ ಇರಲಿಲ್ಲ. ನನ್ನ ಸಹಿಯನ್ನು ಯಾರೂ ಕೇಳಲಿಲ್ಲ.

ಇರಲಿ. ಬರೆಯಲು ಹೊರಟದ್ದು ಚಾಕಿನ ವಿಷಯ, ಅದನ್ನೇ ಬರೆಯುತ್ತೇನೆ.

ನೀನು ಗಿಡಗಳ ಸರ್ವೆ ಕೆಲಸಕ್ಕೆ ಮಾಗಡಿ ಕಡೆಯ ಕಾಡಿಗೆ ಹೋಗುವವಳು ಎಂದು ಮದುವೆಗೆ ಮೊದಲೇ ನೀನೇ ಹೇಳಿದ್ದೆ. ಸೊಂಟಕ್ಕೆ ಚಾಕು ಸಿಕ್ಕಿಸಿಕೊಂಡು ಹೋಗುತ್ತೀಯ ಎಂದು ಮಾತ್ರ ಯಾರೂ ಹೇಳಿರಲಿಲ್ಲ. ಒಂದು ಬೆಳಿಗ್ಗೆ ನೀನು ಬಾಗಿಲಲ್ಲಿ ಬಗ್ಗಿ ಶೂ ಕಟ್ಟಿಕೊಳ್ಳುತ್ತಿದ್ದಾಗ ನಿಮ್ಮತ್ತೆಯ ಕಣ್ಣಿಗೆ ಅದು ಬಿತ್ತು. “ಏನ್ರೀ, ಸೊಸೆ ರೌಡಿ ಥರ ಚಾಕು ಇಟ್ಕೊಂಡವ್ಳೆ” ಎಂದು ನನ್ನ ಕಿವಿಯಲ್ಲಿ ಹೇಳಿದಳು. ಅವಳ ಗುಟ್ಟು ಬೀದಿಗೆಲ್ಲ ಕೇಳಿಸುತ್ತದೆ, ನಿನಗೆ ಗೊತ್ತಲ್ಲ. ನೀನು ನಕ್ಕು, ಒರೆಯಿಂದ ತೆಗೆದು ತೋರಿಸಿದೆ. ಗೇಣುದ್ದವೂ ಇಲ್ಲದ ಅಲಗು, ಕರಿ ರಬ್ಬರಿನ ಹಿಡಿ, ಪ್ಲಾಸ್ಟಿಕ್ಕಿನ ಒರೆ. ಗಿಡದ ಟಿಸಿಲು ಕತ್ತರಿಸೋಕೆ, ತೊಗಟೆ ಎಬ್ಬಿಸೋಕೆ, ಮಧ್ಯಾಹ್ನ ಸೌತೆಕಾಯಿ ಹೆಚ್ಚೋಕೆ ಎಂದು ಅವಳಿಗೆ ಬಿಡಿಸಿ ಹೇಳಿದೆ. ಸೌತೆಕಾಯಿ ಎಂದ ಮೇಲೆ ಅವಳಿಗೆ ಸಮಾಧಾನವಾಯಿತು.

ನಾನು ನೋಡಿದ್ದು ಬೇರೆ. ನೀನು ಎಡಗೈಯವಳು, ಒರೆಯ ಕೊಂಡಿ ಇದ್ದದ್ದು ಬಲಗೈಯವರಿಗೆ. ಪ್ರತಿ ಸಲವೂ ಹೊಟ್ಟೆಯ ಮೇಲೆ ಕೈ ಬಳಸಿ ಚಾಕು ತೆಗೆಯುತ್ತಿದ್ದೆ. ರಬ್ಬರು ಬೆವರಿಗೆ ಜಾರುತ್ತದೆ ಎಂದೂ ನೀನೇ ಹೇಳಿದೆ. ನಮ್ಮ ಹೊಲ ಲೇಔಟ್ ಆಗುವ ಮುಂಚೆ ಮಚ್ಚು, ಕುಡುಗೋಲು ಹಿಡಿದ ಕೈ ನನ್ನದು. ಹಿಡಿ ಜಾರಿದರೆ ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಕೊಯ್ದು ಎಳೆದು ಸುತ್ತುತ್ತಿದ್ದೆವು. “ಕೊಡಮ್ಮ ಇಲ್ಲಿ” ಎಂದು ಅವತ್ತು ಸಂಜೆಯೇ ಇಸಿದುಕೊಂಡು ಸುತ್ತಿಬಿಟ್ಟೆ. ಹೊಲ ಹೋದ ಮೇಲೆ ಈ ಕೈಗಳಿಗೆ ಒಂದು ಕೆಲಸ ಎಂದು ಸಿಕ್ಕಿದ್ದು ಆಗಲೇ.

ಸುತ್ತಿ ಮುಗಿಸಿ, ಬಾಗಿಲ ಮುಂದಿನ ಕಟ್ಟೆಯಲ್ಲಿ ಕೂತಿದ್ದ ನಿನಗೆ ಚಾಚಿದೆ. ನೀನೂ ಎಡಗೈ ಚಾಚಿ ತೆಗೆದುಕೊಂಡೆ. ನಿಮ್ಮತ್ತೆ ಒಳಗಿನಿಂದ ಓಡಿ ಬಂದಳು. “ಚಾಕು ಯಾರಾದ್ರೂ ಕೈಯಿಂದ ಕೈಗೆ ಕೊಡ್ತಾರೇನ್ರಿ? ಜಗಳ ಆಗುತ್ತೆ. ಕೆಳಗಿಡ್ಬೇಕು, ಅವಳೇ ಎತ್ಕೋಬೇಕು.” ನಾನು ಪೆಚ್ಚಾಗಿ ನಿಂತೆ. ನೀನು ಚಾಕನ್ನು ಕಟ್ಟೆಯ ಮೇಲಿಟ್ಟು, ಎದ್ದು ಒಂದು ಹೆಜ್ಜೆ ಹಿಂದೆ ಸರಿದು, ಮತ್ತೆ ಬಗ್ಗಿ ಎತ್ತಿಕೊಂಡೆ. “ಈಗ ಸರಿ ಹೋಯ್ತಾ ಅತ್ತೆ?” ಎಂದೆ. ಅವಳಿಗೂ ನಗು ಬಂತು. ಅಲ್ಲಿಂದಾಚೆಗೆ ಅದೇ ನಮ್ಮ ಪದ್ಧತಿಯಾಯಿತು. ನಾನು ಕಟ್ಟೆಯ ಮೇಲೆ ಇಡುವುದು, ನೀನು ಎತ್ತಿಕೊಳ್ಳುವುದು.

ಸೈಕಲ್ ಟ್ಯೂಬ್ ಕೆಲಸಕ್ಕೆ ಬರಲಿಲ್ಲ. ಕಾಡಿನಿಂದ ಬಂದಾಗ ನಿನ್ನ ಅಂಗೈ ಇದ್ದಿಲು ಹಿಡಿದವರ ಹಾಗೆ ಕಪ್ಪಾಗಿತ್ತು. ಆಗ ನಾನು ಮರಕ್ಕೆ ಕೈ ಹಾಕಿದೆ. ನಮ್ಮ ಬೀದಿ ಅಗಲ ಮಾಡುವಾಗ ಕಡಿದ ಹುಣಸೆ ಮರದ ಒಂದು ತುಂಡನ್ನು ತಾರಸಿಯ ಮೇಲೆ ನೀರಿನ ಟ್ಯಾಂಕಿನ ಹಿಂದೆ ಎತ್ತಿಟ್ಟಿದ್ದೆ. ರಬ್ಬರು ಕಿತ್ತು, ಹುಣಸೆಯ ಎರಡು ಹೋಳು ಕೆತ್ತಿ, ಹಿತ್ತಾಳೆಯ ಮೊಳೆ ಹೊಡೆದು, ಮರಳು ಕಾಗದ ಉಜ್ಜಿ, ಕೊಬ್ಬರಿ ಎಣ್ಣೆ ಕುಡಿಸಿದೆ. ಕೈಯಲ್ಲಿ ಹಿಡಿದರೆ ಬೆಣ್ಣೆಯ ಹಾಗಿತ್ತು. ಕಿರಣ ತಾರಸಿಗೆ ಬಂದು ನೋಡಿ, “ತಮ್ಮಣ್ಣ ಅಂಡ್ ಸೊಸೆ ವರ್ಕ್ಸ್ ಅಂತ ಬೋರ್ಡ್ ಹಾಕ್ಸಿ ಅಪ್ಪ” ಎಂದ. ಅವನೂ ಆಗ ನಗುತ್ತಿದ್ದ ಎನ್ನುವುದನ್ನು ಇಲ್ಲಿ ಬರೆದಿಡುತ್ತೇನೆ.

ನೀನು ಒಂದು ತಿಂಗಳು “ಚೆನ್ನಾಗಿದೆ ಮಾವ” ಎಂದೇ ಹೇಳಿದೆ. ಒಂದು ರಾತ್ರಿ ಊಟಕ್ಕೆ ಕೂತಾಗ ನಿನ್ನ ಎಡ ಅಂಗೈಯಲ್ಲಿ ಬೊಬ್ಬೆ ಕಂಡೆ. ನಾನು ಕೆತ್ತಿದ್ದೆಲ್ಲ ನನ್ನ ಕೈಯಲ್ಲಿ ಹಿಡಿದು ನೋಡಿ, ನನ್ನ ಬಲಗೈಗೆ ಕೂರುವ ಹಾಗೆ. ಉಬ್ಬು ಇರಬೇಕಾದ ಕಡೆ ತಗ್ಗು, ತಗ್ಗು ಇರಬೇಕಾದ ಕಡೆ ಉಬ್ಬು. ಒರೆ ಬಲಗೈಯದು ಎಂದು ಕಂಪನಿಯವರನ್ನು ಬೈದ ದೊಡ್ಡ ಮನುಷ್ಯ ನಾನೇ. “ನೀವು ಅಷ್ಟು ಪ್ರೀತಿಯಿಂದ ಮಾಡಿದ್ರಿ, ಹೆಂಗ್ ಹೇಳೋದು” ಎಂದೆ ನೀನು. ಪ್ರೀತಿಗೆ ಬೊಬ್ಬೆ ಬರಿಸಿಕೊಳ್ಳಬೇಡ ಎಂದು ಗದರಿದೆ. ಗದರಿ ಎದ್ದು ಹೋಗಿ ಬಚ್ಚಲಲ್ಲಿ ಕಣ್ಣು ತೊಳೆದುಕೊಂಡೆ.

ಮಾರನೇ ದಿನ ನಿನ್ನ ಕೈಯ ಅಚ್ಚು ಬೇಕಾಯಿತು. ನಿಮ್ಮತ್ತೆ ತಟ್ಟೆಗೆ ಹಾಕಿದ ಮುದ್ದೆಯನ್ನೇ ಎತ್ತಿ, ಆರಿಸಿ, ಉದ್ದಕ್ಕೆ ಹೊಸೆದು ನಿನಗೆ ಕೊಟ್ಟೆ. “ಚಾಕು ಹಿಡಿಯೋ ಹಂಗೆ ಹಿಡಿ ನೋಡಣ.” ನೀನು ಎಡಗೈಗೆ ಎಣ್ಣೆ ಸವರಿಕೊಂಡು ಗಟ್ಟಿಯಾಗಿ ಹಿಡಿದೆ. ನಾಲ್ಕು ಬೆರಳು, ಹೆಬ್ಬೆರಳು, ಅಂಗೈಯ ಉಬ್ಬು, ಎಲ್ಲ ಮುದ್ದೆಯಲ್ಲಿ ಮೂಡಿತು. “ಅನ್ನದ ಜೊತೆ ಆಟ ಆಡ್ತೀರಲ್ಲ, ಅಪ್ಪ ಮಗಳಿಬ್ಬರೂ” ಎಂದಳು ನಿಮ್ಮತ್ತೆ. ಅಪ್ಪ ಮಗಳು ಎಂದದ್ದು ಅವಳಿಗೆ ಗೊತ್ತೇ ಆಗಲಿಲ್ಲ. ನನಗೆ ಗೊತ್ತಾಯಿತು. ಮುದ್ದೆಯನ್ನು ತಾರಸಿಯ ಗೋಡೆಯ ಮೇಲೆ ಒಣಗಿಸಿ, ಅದನ್ನು ಪಕ್ಕದಲ್ಲಿಟ್ಟುಕೊಂಡು ಹೊಸ ಹಿಡಿ ಕೆತ್ತಿದೆ. ಕೆಲಸ ಮುಗಿದ ಮೇಲೆ ಕಾಗೆ ಅದನ್ನು ಕಚ್ಚಿಕೊಂಡು ಹೋಯಿತು.

ಒರೆಯ ಕಥೆ ಹೇಳಿದರೆ ನಿಮ್ಮತ್ತೆಗೆ ಈಗಲೂ ಸಿಟ್ಟು. ನೀರಿನ ಪಿವಿಸಿ ಪೈಪಿನ ತುಂಡನ್ನು ಅವಳ ಗ್ಯಾಸ್ ಒಲೆಯ ಮೇಲೆ ಕಾಯಿಸಿ, ಮೆತ್ತಗಾದಾಗ ಎರಡು ಮಣೆಗಳ ನಡುವೆ ಚಪ್ಪಟೆ ಒತ್ತಿ, ಚಾಕಿನ ಸುತ್ತ ಕೂರಿಸಿದೆ. ಕೊಂಡಿ ಎಡಗಡೆಗೆ. ಮಳೆ ನೀರು ನಿಲ್ಲದಿರಲಿ ಎಂದು ತುದಿಯಲ್ಲೊಂದು ತೂತು. ಮನೆಯೆಲ್ಲ ಸುಟ್ಟ ವಾಸನೆ, ಅವತ್ತಿನ ಸಾರಿಗೂ ಅದೇ ರುಚಿ. ಅವಳು ಅರ್ಧ ದಿನ ಮಾತು ಬಿಟ್ಟಳು. ಆಮೇಲೆ ಅವಳೇ ಕಿರಣನ ಹಳೆಯ ಸ್ಕೂಲ್ ಬ್ಯಾಗಿನ ಪಟ್ಟಿ ಕತ್ತರಿಸಿ, ಟಿಚ್ ಬಟನ್ ಹಾಕಿ, ಬಂಡೆ ಹತ್ತುವಾಗ ಚಾಕು ಜಾರದ ಹಾಗೆ ಒರೆಯ ಬಾಯಿಗೆ ಹೊಲಿದು ಕೊಟ್ಟಳು.

ಆ ವರ್ಷದ ಆಯುಧಪೂಜೆಯಲ್ಲಿ ಸ್ಕೂಟರು, ಮಿಕ್ಸಿ, ಈಳಿಗೆಮಣೆಯ ಸಾಲಿನಲ್ಲಿ ನಿನ್ನ ಚಾಕೂ ಕೂತಿತ್ತು. ನಿಮ್ಮತ್ತೆ ಅದನ್ನು ತೊಳೆದು, ಒದ್ದೆ ವಿಭೂತಿ ಎಳೆದು, ಕುಂಕುಮವಿಟ್ಟಳು. ಪೂಜೆಗಿಟ್ಟ ಆಯುಧವನ್ನು ಹಬ್ಬ ಮುಗಿಯುವವರೆಗೆ ಮುಟ್ಟುವಂತಿಲ್ಲ. ವಿಜಯದಶಮಿಯ ಮಾರನೇ ದಿನ ಒರೆಸಿ ನೋಡಿದರೆ ಅಲಗಿನ ಮೇಲೆ ಮೂರು ಬೆರಳಿನ ಪಟ್ಟೆ ತುಕ್ಕಾಗಿ ಕೂತಿದೆ. ನಿನ್ನ ಚಾಕು ತುಕ್ಕು ಹಿಡಿಯುವ ಉಕ್ಕಿನದು ಎಂದು ನಮಗೆ ತಿಳಿದಿರಲಿಲ್ಲ. ನಿಮ್ಮತ್ತೆಯ ಮುಖ ಸಣ್ಣಗಾಯಿತು. ನಾನು ಉಜ್ಜಲು ಮರಳು ಕಾಗದ ತಂದೆ. ನೀನು ನನ್ನ ಕೈ ತಡೆದು, “ಇರ್ಲಿ ಬಿಡಿ ಮಾವ, ಕಾಡಲ್ಲಿ ಅತ್ತೆ ಜೊತೇಲಿದ್ದಂಗಿರುತ್ತೆ” ಎಂದೆ. ಆ ಮಾತನ್ನು ಅವಳು ಬೀದಿಯ ಎಷ್ಟು ಜನಕ್ಕೆ ಹೇಳಿದ್ದಾಳೋ ಲೆಕ್ಕವಿಲ್ಲ.

ಕೊನೆಯ ಸಲ ನೀನು ಚಾಕು ತಂದಿಟ್ಟದ್ದು ಒರೆ ಬಂಡೆಗೆ ಬಡಿದು ಸೀಳಿದಾಗ. ಆಗಲೇ ನಿಮ್ಮಿಬ್ಬರ ಮಧ್ಯೆ ಮಾತು ಕಡಿಮೆಯಾಗಿತ್ತು. ಆಮೇಲೆ ನೀನು ಬಟ್ಟೆ, ಪುಸ್ತಕ, ಕುಂಡದ ಗಿಡಗಳನ್ನು ತೆಗೆದುಕೊಂಡು ಹೋದೆ, ಇದನ್ನು ಮರೆತೆ. ನಾನು ಹೊಸ ಒರೆ ಮಾಡಿದೆ, ಈ ಸಲ ದಪ್ಪ ಪೈಪಿನಲ್ಲಿ. ಅಂಚು ಉಜ್ಜಿದೆ, ಮತ್ತೆ ಉಜ್ಜಿದೆ. ಕೊಂಡಿ ಬದಲಾಯಿಸಿದೆ. ಕೆಲಸ ಮುಗಿದರೆ ಕೊಟ್ಟುಬಿಡಬೇಕಲ್ಲ ಎಂದು ಏನಾದರೊಂದು ಕೊರತೆ ಹುಡುಕುತ್ತಲೇ ಇದ್ದೆ. ಒಂದು ದಿನ ಕಿರಣ ಬಂದಾಗ ಅದನ್ನು ಎತ್ತಿ ಹಿಡಿದು ನೋಡಿದ. ಅವನ ಕೈಗೆ ಕೂರಲಿಲ್ಲ. ನನ್ನ ಕೈಗೂ ಕೂರುವುದಿಲ್ಲ, ನಿಮ್ಮತ್ತೆಯ ಕೈಗೂ ಇಲ್ಲ. ಈ ಮನೆಯಲ್ಲಿ ಇನ್ಯಾರೂ ಹಿಡಿಯಲಾಗದ ಒಂದು ವಸ್ತು ಇದೆ ಎಂದರೆ ಅದು ಇದೊಂದೇ. ಅವನು ಮೆಲ್ಲಗೆ ಕೆಳಗಿಟ್ಟ.

ಅವನು ಹೋದ ಮೇಲೆ ನಿಮ್ಮತ್ತೆ ಹಳೆಯ ಮಾತು ತೆಗೆದಳು. “ಅವತ್ತು ನೀವು ಕೈಗೆ ಕೊಟ್ರಲ್ಲ, ಅದಕ್ಕೇ ಹಿಂಗಾಯ್ತೇನೋ.” ನಾನು ಹೇಳಿದೆ: “ಕೊಟ್ಟೋನು ನಾನು, ಇಸ್ಕೊಂಡೋಳು ಅವಳು. ಜಗಳ ಆಗೋದಿದ್ರೆ ನಮ್ಮಿಬ್ರಿಗೆ ಆಗ್ಬೇಕಿತ್ತು. ಆಯ್ತೇನೇ?” “ಇಲ್ಲ, ನಿಮ್ಮಿಬ್ರಿಗೆ ಯಾವತ್ತೂ ಆಗ್ಲಿಲ್ಲ” ಎಂದಳು. ಹೌದು ಮಗು. ನಮ್ಮಿಬ್ಬರಿಗೆ ಯಾವತ್ತೂ ಆಗಲಿಲ್ಲ.

ನಿನ್ನ ಮೆಸೇಜು ಬಂದ ಮೇಲೆ ಕೊರಿಯರ್ ಅಂಗಡಿಗೂ ಹೋಗಿದ್ದೆ. ಅಲ್ಲಿ ಕೂತಿದ್ದವನು “ಒಳಗೇನಿದೆ ಅಂಕಲ್?” ಎಂದ. ಚಾಕು ಎಂದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, “ಅದೆಲ್ಲಾ ತಗೊಳಲ್ಲ, ಮುಂದೆ ಇನ್ನೊಂದ್ ಅಂಗಡಿ ಇದೆ, ಕೇಳಿ” ಎಂದ. ಅವನು ಬೇಡವೆಂದದ್ದಕ್ಕೆ ನನಗೆ ಒಳಗೊಳಗೇ ಖುಷಿಯಾಯಿತು. ಮುಂದಿನ ಅಂಗಡಿಗೆ ಹೋಗದೆ ಮನೆಗೆ ಬಂದೆ. ಕೊರಿಯರ್‌ನವನು ಬಂದು ಏನು ಮಾಡುತ್ತಾನೆ ಹೇಳು. ಬೆಲ್ ಒತ್ತುತ್ತಾನೆ, ನಿನ್ನ ಕೈಗೇ ಕೊಡುತ್ತಾನೆ, ಹೋಗುತ್ತಾನೆ. ಕೆಳಗಿಡಬೇಕು ಎನ್ನುವುದು ಅವನಿಗೇನು ಗೊತ್ತು? ನನ್ನ ಕೈಯಿಂದ ಹೊರಟದ್ದು ನೇರ ನಿನ್ನ ಕೈಗೆ. ಇಷ್ಟು ದಿನ ಇಲ್ಲದ ಜಗಳ ಈಗ ಬಂದರೆ? ಈ ವಯಸ್ಸಿನಲ್ಲಿ ನಿನ್ನ ಜೊತೆ ಜಗಳವಾಡಲು ನಾನು ತಯಾರಿಲ್ಲ.

ಆದ್ದರಿಂದ ಚಾಕನ್ನು ಕಳಿಸುವುದಿಲ್ಲ. ಕಟ್ಟೆಯ ಮೇಲೆ ಇಡುತ್ತೇನೆ, ನೀನೇ ಬಂದು ಎತ್ತಿಕೊ. ಕಿರಣ ಬರುವುದು ಭಾನುವಾರ. ಬೇರೆ ಯಾವ ದಿನ ಬಂದರೂ ಮನೆಯಲ್ಲಿ ನಾವಿಬ್ಬರೇ. ಒಳಗೆ ಬರಲು ಮನಸ್ಸಾಗದಿದ್ದರೆ ಕಟ್ಟೆಯಿಂದಲೇ ಎತ್ತಿಕೊಂಡು ಹೋಗು, ಯಾರೂ ಏನೂ ಅಂದುಕೊಳ್ಳುವುದಿಲ್ಲ. ನಾನು ಕಿಟಕಿಯಿಂದ ಒಂದು ಸಲ ನೋಡಿಕೊಳ್ಳುತ್ತೇನೆ, ಹಿಡಿ ಸರಿಯಾಗಿ ಕೂತಿತೋ ಇಲ್ಲವೋ ಎಂದು. ಒಳಗೆ ಬಂದರೆ ನಿಮ್ಮತ್ತೆ ಮುದ್ದೆಗೆ ಎಸರಿಡುತ್ತಾಳೆ.

ಬರುವ ಮುಂಚೆ ಒಂದು ಮೆಸೇಜು ಹಾಕು. ಏನೆಂದು ಕರೆಯಬೇಕೆಂದು ಮತ್ತೆ ತೋಚದಿದ್ದರೆ, ಈ ಕಾಗದಕ್ಕೆ ನಾನು ಸಹಿ ಹಾಕಿದ್ದೇನೆ, ಅದನ್ನು ನೋಡಿಕೊ.

ಹೋದ ಕಾಡಿನಿಂದೆಲ್ಲ ಸುಖವಾಗಿ ಮನೆ ಸೇರು. ಅಲಗು ಹರಿತವಾಗಿರಲಿ, ಕೈ ಜೋಪಾನ.

ಇಂತಿ,
ಮಾವ