ಜ್ವರ ಇಳಿದಿದೆ

ಮಾರ್ಚ್ ೧೧, ಬುಧವಾರ

ಕಟಿಂಗ್ ಮಾಸ್ಟರ್ ಇವತ್ತೂ ಬಿಡಲಿಲ್ಲ. ಕತ್ತರಿ ಕೆಳಗಿಟ್ಟು, ಗಾರ್ಮೆಂಟ್ಸಿನ ಹೊಲಿಗೆ ಹಾಲ್‌ಗೆಲ್ಲ ಕೇಳುವ ಹಾಗೆ ಅದೇ ಹಳೇ ರಾಗ: "ಏನಮ್ಮಾ, ನಿನ್ನ ಗಂಡ ಹೇಗಿದಾನೆ?" ಗಂಡಸಾದ ನಾನು ಇನ್ನೊಬ್ಬ ಗಂಡಸಿನ ಜೊತೆ ಸಂಸಾರ ಮಾಡುತ್ತೇನೆಂದು ಗೊತ್ತಾದಾಗಿನಿಂದ ಅವನಿಗೆ ಇದೇ ಕಸುಬು.

ಮೊನ್ನೆ, ನಾನು ಹೋಗುವ ಕೌನ್ಸೆಲರ್ ಮೇಡಂ ತಾವೇ ಮಾಸ್ಟರ್ ಪಾತ್ರ ಮಾಡಿ, ಈ ಪ್ರಶ್ನೆಯನ್ನೇ ಕೇಳಿ ನನಗೆ ಉತ್ತರ ಕೊಡುವ ಅಭ್ಯಾಸ ಮಾಡಿಸಿದ್ದರು. ಪಾಪ, ಅವರಿಗೆ ಅಣಕಿಸಲು ಬರುವುದೇ ಇಲ್ಲ. ಅವರು ನಿಜವಾಗಿಯೂ ಕ್ಷೇಮ ವಿಚಾರಿಸುವ ಹಾಗೆ ಕೇಳಿದ್ದಕ್ಕೆ ನಾನು ಮೈಮರೆತು, "ಜ್ವರ ಬಂದಿದೆ ಮೇಡಂ, ರಾತ್ರಿಯೆಲ್ಲ ನಿದ್ದೆ ಇಲ್ಲ" ಅಂದುಬಿಟ್ಟೆ. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಇವತ್ತು ಮಾಸ್ಟರ್ ಬಾಯಿ ತೆರೆದಾಗ ಆ ನಗುವೇ ನೆನಪಾಯಿತು. ತಲೆಯೆತ್ತಿ ಹೇಳಿದೆ: "ಜ್ವರ ಇಳಿದಿದೆ ಮಾಸ್ಟರ್. ಬೆಳಿಗ್ಗೆ ಎದ್ದು ಕೂತಿದ್ದ."

ಯಾರೂ ನಗಲಿಲ್ಲ. ಗುಂಡಿ ಹಾಕುವ ಅಕ್ಕ ಮಿಷನ್ ನಿಲ್ಲಿಸಿ, "ಅಯ್ಯೋ, ಯಾವ ಡಾಕ್ಟ್ರಿಗೆ ತೋರಿಸಿದ್ಯಪ್ಪಾ?" ಅಂದರು. ಹೇಳಿದೆ. ಮಾಸ್ಟರ್ ಕತ್ತರಿ ಹುಡುಕತೊಡಗಿದ. ಅದು ಅವನ ಕಣ್ಣೆದುರಿಗೇ ಇತ್ತು.

ಅಣಕಿಸುವುದನ್ನು ಕಲಿಯಲೇಬೇಡಿ ಅಂತ ಮೇಡಂಗೆ ಹೇಳಬೇಕು. ಇನ್ನೂ ಬರೆಯುವುದಿತ್ತು. ಒಳಗಿಂದ ನೀರು ಕೇಳುತ್ತಿದ್ದಾನೆ, ನನ್ನ ಗಂಡ.